ಬೋರಮಾಳದ ಅಡ್ವಾನ್ಸ್

ಚಿಕ್ಕಣ್ಣ ಮೆಟ್ಟಿಲು ಹತ್ತಿ ಮೇಲೆ ಬಂದದ್ದೇ ಒಂದು ಸುದ್ದಿ. ಬಸವೇಶ್ವರನಗರದ ಅವನ ಮನೆಯ ಮೇಲಿನ ಪೋರ್ಷನ್ನಿಗೆ ಕಲಾವತಿಯ ಸಂಸಾರ ಬಂದು ಆರು ವರ್ಷವಾಗಿದ್ದರೂ ಅವನು ಆ ಮೆಟ್ಟಿಲು ಹತ್ತಿದ್ದು ಅಪರೂಪ. ಬಾಡಿಗೆಯನ್ನು ಇವರೇ ಕೆಳಗೆ ಒಯ್ದು ಕೊಡಬೇಕು, ನಲ್ಲಿ ಸೋರಿದರೆ ಇವರೇ ಕೆಳಗೆ ಹೋಗಿ ಹೇಳಬೇಕು, ಅವನು ಹೂಂ ಎನ್ನಬೇಕು, ನಲ್ಲಿ ಸೋರುತ್ತಲೇ ಇರಬೇಕು. ಹಾಗೆ ನಡೆದುಬಂದಿತ್ತು. ಆವತ್ತು ಬಂದವನು ಬಾಗಿಲಲ್ಲಿ ನಿಂತು ರೊಟ್ಟಿಯ ವಾಸನೆ ಹೊಗಳಿದ, ಬಿಸಿಲನ್ನು ಬೈದ, ಕಲಾವತಿಯ ಹೊಲಿಗೆ ಮಷೀನು ಹೊಸದಾ ಎಂದು ಕೇಳಿದ. ಮಷೀನು ಹಳೆಯದು, ಅದು ಅವನಿಗೂ ಗೊತ್ತು. ಆಗಲೇ ಕಲಾವತಿಗೆ ಅನುಮಾನ ಬಂತು.

“ನಮ್ಮ ಮೋಹನಂಗೆ ಹೆಣ್ಣು ಗೊತ್ತಾಯ್ತು ಕಣಮ್ಮ. ಶ್ರಾವಣದಲ್ಲಿ ಮದುವೆ. ಹುಡುಗ ಹುಡುಗಿಗೆ ಮೇಲ್ಗಡೆ ಪೋರ್ಷನ್ ಬೇಕಾಗುತ್ತೆ. ಅರ್ಜೆಂಟೇನಿಲ್ಲ, ಆಷಾಢದೊಳಗೆ ನೋಡ್ಕೊಳ್ಳಿ.”

“ಒಳ್ಳೇದಾತ್ರೀ,” ಎಂದಳು ಕಲಾವತಿ.

ಒಳಗೆ ಜೋಳ ಹಸನು ಮಾಡುತ್ತಿದ್ದ ಅತ್ತೆ ಭಾಗವ್ವ ಮೊರ ಕೆಳಗಿಟ್ಟಳು. “ಅಡ್ವಾನ್ಸ್?”

“ಅದೆಲ್ಲಿಗೆ ಹೋಗುತ್ತೆ ಭಾಗವ್ವೋರೆ? ನಿಮ್ಮ ದುಡ್ಡು ನಿಮಗೆ.” ಚಿಕ್ಕಣ್ಣ ನಕ್ಕು, ಬಂದದ್ದಕ್ಕಿಂತ ಬೇಗ ಇಳಿದು ಹೋದ.

ಭಾಗವ್ವ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗದಗಿನ ಕಡೆಯಿಂದ ಬೆಂಗಳೂರಿಗೆ ಬಂದ ಹೊಸತರಲ್ಲಿ, ಹತ್ತು ತಿಂಗಳ ಬಾಡಿಗೆಯನ್ನು ಮುಂಗಡ ಇಡಬೇಕು ಎಂದು ಕೇಳಿ ಅವಳ ಮಗ ವೀರೇಶ ಹೌಹಾರಿದ್ದ. ನಾಯಂಡಹಳ್ಳಿಯ ಗೋಡೌನಿನಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು, ಇರಲು ಸೂರಿರಲಿಲ್ಲ. ಹನ್ನೆರಡು ಸಾವಿರ ಎಲ್ಲಿಂದ ಬರಬೇಕು? ಭಾಗವ್ವ ಮಾರಲೆಂದು ಕೊರಳಿನಿಂದ ಬೋರಮಾಳ ಬಿಚ್ಚಿಕೊಟ್ಟಳು. ಗಂಡ ದೇವೇಂದ್ರಪ್ಪ ಬದುಕಿದ್ದಾಗ ಒಂದೊಂದೇ ಚಿನ್ನದ ಗುಂಡು ಕೂಡಿಸಿ ಮಾಡಿಸಿದ ಸರ ಅದು. “ಮನಿ ಬಿಡೂ ಮುಂದ ರೊಕ್ಕ ಪೂರಾ ವಾಪಸ್ ಬರ್ತೈತಬೇ, ಹಂಗss ಮಾಡಿಸಿಕೊಡ್ತೀನಿ,” ಎಂದು ವೀರೇಶ ಲಿಂಗ ಮುಟ್ಟಿ ಹೇಳಿದ್ದ. ಅಂದಿನಿಂದ ಯಾರಾದರೂ ಬರಿಗೊರಳು ನೋಡಿ ಕೇಳಿದರೆ ಭಾಗವ್ವ ಗೋಡೆಯ ಕಡೆ ಕೈಮಾಡುತ್ತಿದ್ದಳು. “ಇದರಾಗ ಐತಿ ನೋಡ್ರಿ ನನ್ನ ಬೋರಮಾಳ.” ಚಿಕ್ಕಣ್ಣ ಅದೇ ದುಡ್ಡಿನಲ್ಲಿ ನೆಲದಡಿಯ ನೀರಿನ ಸಂಪು ಕಟ್ಟಿಸಿದ್ದನಾದ್ದರಿಂದ ಅವಳು ತೋರಿಸಬೇಕಾಗಿದ್ದದ್ದು ನೆಲದ ಕಡೆ.

ಮನೆ ಹುಡುಕುವ ಕೆಲಸ ಶುರುವಾಯಿತು. ಆಚೆ ಬೀದಿ, ಈಚೆ ಬೀದಿ, ಟು-ಲೆಟ್ ಬೋರ್ಡು ಕಂಡಲ್ಲೆಲ್ಲ ವೀರೇಶ ಸ್ಕೂಟರ್ ನಿಲ್ಲಿಸಿದ. ಬಸವೇಶ್ವರನಗರದಲ್ಲಿ ಆರು ವರ್ಷದ ಹಿಂದಿನ ಬಾಡಿಗೆ ಹೇಳಿದರೆ ಜನ ನಗುತ್ತಿದ್ದರು. ಕೊನೆಗೆ ಹೇರೋಹಳ್ಳಿಯಲ್ಲಿ, ರಸ್ತೆ ಎಂದು ಕರೆಯಲು ಸಂಕೋಚವಾಗುವ ಒಂದು ಕೆಮ್ಮಣ್ಣಿನ ಹಾದಿಯ ಕೊನೆಯಲ್ಲಿ, ತಮ್ಮಣ್ಣ ಎಂಬುವರ ಹೊಸ ಮನೆ ಸಿಕ್ಕಿತು. ಎರಡು ರೂಮು, ಬಾವಿ ನೀರು, ಹಿಂದೆ ಖಾಲಿ ಸೈಟು. ಅಡ್ವಾನ್ಸ್ ಇಪ್ಪತ್ತು ಸಾವಿರ.

“ಅರ್ಧ ಈಗ ಕೊಡಿ. ಇನ್ನರ್ಧ ಶ್ರಾವಣ ಬರೋಷ್ಟರಲ್ಲಿ ಕೊಡಿ. ಅದು ಬಂದ್ಮೇಲೆ ಕರಾರು ಪತ್ರ,” ಎಂದರು ತಮ್ಮಣ್ಣ. “ಕೊಡ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ. ಲೀಸಿಗೆ ಬರೋರು ದುಡ್ಡು ಹಿಡ್ಕೊಂಡು ನಿಂತವ್ರೆ.”

ಆ ಅರ್ಧಕ್ಕೆ ಕಲಾವತಿಯ ಪಾಟ್ಲಿ ಹೋದವು. ತವರಿನವರು ಇಟ್ಟ ಎರಡು ದಪ್ಪ ಬಳೆಗಳು. ವೀರೇಶ ಕೇಳಿದ, ಅವಳು ಬಿಚ್ಚಿದಳು, ಅವನು ವಿಜಯನಗರದ ಸೇಟು ಅಂಗಡಿಯಲ್ಲಿ ಅಡವಿಟ್ಟು ಬಂದ. ಮನೆಯಲ್ಲಿ ಅದರ ಬಗ್ಗೆ ಒಂದು ಮಾತೂ ಆಗಲಿಲ್ಲ. ಸೊಸೆಯ ಬಳೆಗೆ ಗೋಡೆ ತೋರಿಸುವ ಯೋಗ್ಯತೆಯೂ ಇರಲಿಲ್ಲ.

ಆಷಾಢ ಕಾಲಿಡುವ ಮುಂಚೆ ಹೊಸ ಮನೆಯಲ್ಲಿ ಹಾಲು ಉಕ್ಕಲೇಬೇಕೆಂದು ಭಾಗವ್ವ ಹಟ ಹಿಡಿದಳು. ಉಕ್ಕಿತು. ಉಕ್ಕಿದ ಹಾಲಿನ ಪಾತ್ರೆ ಇನ್ನೂ ಆರಿರಲಿಲ್ಲ, ತಮ್ಮಣ್ಣ ಪಾಯಸದ ಲೋಟ ಹಿಡಿದುಕೊಂಡು, “ಹಾಗಾದ್ರೆ ಇವತ್ತಿಂದ ಬಾಡಿಗೆ ಲೆಕ್ಕ,” ಎಂದರು. ಅಲ್ಲಿಗೆ ಎರಡು ಮನೆಯ ಬಾಡಿಗೆ ಒಂದೇ ಸಂಬಳದ ಮೇಲೆ ಕೂತಿತು. ವೀರೇಶ ಆವತ್ತೇ ಹೆಂಡತಿಯನ್ನು ಹಿತ್ತಲಿಗೆ ಕರೆದು ಹೇಳಿದ:

“ಹಳೇ ಅಡ್ವಾನ್ಸ್ ಬಂದ ಕೂಡ್ಲೇ ಇಲ್ಲಿಗೇ ಹಾಕಬೇಕು. ಬೋರಮಾಳ ಈಗ ಆಗೂದಿಲ್ಲ. ಅವ್ವಗ ಹೇಳಬ್ಯಾಡ.”

“ನೀವss ಹೇಳ್ರಿ. ಮಾತು ಕೊಟ್ಟಾವ್ರು ನೀವು.”

“ಹೇಳಿದ್ರ ಅಕಿ ಊರು ಒಂದು ಮಾಡ್ತಾಳ. ಸ್ವಲ್ಪ ದಿನ ತಡಿ.”

ಕಲಾವತಿ ತಡೆದಳು. ತಡೆಯುವುದು ಅವಳಿಗೆ ಹೊಸದಾಗಿರಲಿಲ್ಲ.

ಇತ್ತ ಚಿಕ್ಕಣ್ಣನ ಬಳಿ ದುಡ್ಡಿರಲಿಲ್ಲ. ಸಾಮಾನ್ಯವಾಗಿ ಈ ಊರಿನ ಮಾಲೀಕರು ಹೊಸ ಬಾಡಿಗೆದಾರನ ಅಡ್ವಾನ್ಸ್ ತಗೊಂಡು ಹಳಬನಿಗೆ ಕೊಟ್ಟು ಕಳಿಸುತ್ತಾರೆ. ದುಡ್ಡು ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹೋಗುತ್ತದೆ, ಮಾಲೀಕ ನಡುವೆ ನಿಂತು ಗೌರವದಿಂದ ಕೈ ದಾಟಿಸುತ್ತಾನೆ. ಇಲ್ಲಿ ಬರುವವನು ಸ್ವಂತ ಮಗ. ಅವನ ಹತ್ತಿರ ಅಡ್ವಾನ್ಸ್ ಕೇಳುವುದು ಹೇಗೆ? “ಮದುವೇಲಿ ಮುಯ್ಯಿ ಬರುತ್ತಲ್ಲಮ್ಮ, ಆಗ ಕೊಟ್ಬಿಡ್ತೀನಿ. ಈಗ ಖಾಲಿ ಮಾಡಿ, ಸುಣ್ಣಬಣ್ಣ ಆಗ್ಬೇಕು,” ಎಂದ ಚಿಕ್ಕಣ್ಣ.

ಆ ದಿನ ಊಟಕ್ಕೆ ಕೂತಾಗ ಮನೆಯಲ್ಲಿ ದೊಡ್ಡ ಗದ್ದಲ. ವೀರೇಶನ ತಮ್ಮ ಶಿವಯೋಗಿ ಕೊರಿಯರ್ ಹಂಚುವ ಹುಡುಗ. ಬೆಂಗಳೂರಿನ ಮಾತು ಅವನ ಬಾಯಿಗೆ ಬೇಗ ಹತ್ತಿತ್ತು.

“ಬೀಗ ಕೊಡ್ಬಾರ್ದು ಗುರು. ಬೀಗ ಕೊಟ್ರೆ ಮುಗೀತು ಕಥೆ.”

“ಬರೇ ಬೀಗ ಹಾಕಿದ್ರ ಒಡೀತಾರ,” ಎಂದ ವೀರೇಶ.

“ಒಡೀಲಾರದ ಬೀಗ ಹಾಕೋಣು,” ಎಂದಳು ಭಾಗವ್ವ. ಎಲ್ಲರೂ ಅವಳ ಕಡೆ ನೋಡಿದರು. ಅವಳು ಪುಂಡಿಪಲ್ಯ ಬಡಿಸಿಕೊಳ್ಳುತ್ತ ನಿಧಾನವಾಗಿ ಹೇಳಿದಳು: “ನೀವು ಹೋಗ್ರಿ. ನಾ ಇಲ್ಲೇ ಕುಂದರ್ತೀನಿ. ನನ್ನ ಬೋರಮಾಳ ನನ್ನ ಕೈಗೆ ಬರೂ ತನಕ ಏಳೂದಿಲ್ಲ. ರಾತ್ರಿಗೆ ಶಿವ್ಯಾ ಇರ್ತಾನ.”

ವೀರೇಶ ಹೆಂಡತಿಯನ್ನು ನೋಡಿದ. ಕಲಾವತಿ ತಟ್ಟೆಯನ್ನು ನೋಡಿದಳು.

ಟೆಂಪೋದಲ್ಲಿ ಸಾಮಾನು ಹೋಯಿತು. ಭಾಗವ್ವನ ಪಾಲಿಗೆ ಒಂದು ಚಾಪೆ, ಕೌದಿ, ಸೀಮೆಎಣ್ಣೆ ಸ್ಟೌ, ಎರಡು ಕೊಡ ಉಳಿದವು. ಖಾಲಿ ಕೋಣೆಯ ನಡುವೆ ಕೂತ ಅತ್ತೆಯನ್ನು ಬಿಟ್ಟು ಬರುವಾಗ ಕಲಾವತಿಗೆ ನಾಚಿಕೆಯಾಯಿತು. ಅತ್ತೆಯ ಮೇಲೆ ಅವಳಿಗೆ ದೊಡ್ಡ ಪ್ರೀತಿಯೇನೂ ಇರಲಿಲ್ಲ, ಆದರೂ ನಾಚಿಕೆಯಾಯಿತು.

ಅಲ್ಲಿಂದ ಅವಳ ಓಡಾಟ ಶುರು. ಬೆಳಿಗ್ಗೆ ಎದ್ದು ಎರಡು ಮನೆಯ ರೊಟ್ಟಿ ಬಡಿಯುವುದು, ಗಂಡನ ಬುತ್ತಿ ಕಟ್ಟುವುದು, ಕೆಸರು ದಾಟಿ ಬಸ್ ಹಿಡಿಯುವುದು, ಒಂದು ಕೈಯಲ್ಲಿ ಅತ್ತೆಯ ಡಬ್ಬಿ, ಇನ್ನೊಂದರಲ್ಲಿ ಹೊಲಿದ ರವಿಕೆಗಳ ಚೀಲ. ಅವಳ ಗಿರಾಕಿಗಳೆಲ್ಲ ಹಳೇ ಬೀದಿಯವರು. ಅವರೂ ಒಬ್ಬೊಬ್ಬರೇ, “ಅಷ್ಟು ದೂರದಿಂದ ಬರ್ತೀರ, ಯಾಕೆ ಪಾಪ ನಿಮಗೆ ತೊಂದರೆ,” ಎಂದು ಕರುಣೆಯಿಂದಲೇ ಬೇರೆ ಟೈಲರ್ ಹತ್ತಿರ ಹೋದರು. ಮಧ್ಯಾಹ್ನ ವಾಪಸು ಬಂದರೆ ಹೊಸ ಮನೆಯ ಮೂಟೆಗಳು ಬಿಚ್ಚದೆ ಬಿದ್ದಿರುತ್ತಿದ್ದವು. ಪೂರಾ ದುಡ್ಡು ಕೊಡದ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲು ಅವಳಿಗೆ ಮನಸ್ಸಾಗುತ್ತಿರಲಿಲ್ಲ.

ಹಳೇ ಮನೆಯಲ್ಲಿ ಯುದ್ಧ ಬೇರೆ. ಮೊದಲು ಚಿಕ್ಕಣ್ಣ ಮೇಲಿನ ಟ್ಯಾಂಕಿಗೆ ನೀರು ಬಿಡುವುದನ್ನು ನಿಲ್ಲಿಸಿದ. ಭಾಗವ್ವ ಕೊಡ ಹಿಡಿದು ಇಳಿದು ಬಂದು, ಸಂಪಿನ ಮುಚ್ಚಳ ಸರಿಸಿ ನೀರು ಸೇದಿದಳು.

“ಏನಮ್ಮ ಇದು? ಯಾರನ್ನ ಕೇಳಿ ಸಂಪು ತೆಗೆದ್ರಿ?”

“ಕಟ್ಟಿಸೂ ಮುಂದ ನೀ ಯಾರನ್ನ ಕೇಳಿದ್ಯೋ?”

ಆಮೇಲೆ ಅವನು ಇನ್ನೊಂದು ಬಾಣ ಬಿಟ್ಟ. “ಕೂತಷ್ಟು ದಿನ ಬಾಡಿಗೆ ಅಡ್ವಾನ್ಸ್‌ನಲ್ಲಿ ಮುರ್ಕೋತೀನಿ, ನೆನಪಿರ್ಲಿ.”

“ಮುರಕೋ. ಬಾಡಿಗಿ ತಗೊಂಡಿ ಅಂದ್ರ ನಾ ನಿನ್ನ ಬಾಡಿಗಿದಾರಳು. ಆಮ್ಯಾಲ ಹೆಂಗ ಬಿಡಸ್ತಿ?”

ಚಿಕ್ಕಣ್ಣ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಕಡೆ ನಡೆದ. ಅವನ ಹೆಂಡತಿ ಅಕ್ಕಯ್ಯಮ್ಮ ಅಡುಗೆಮನೆಯ ಕಿಟಕಿಯಿಂದ ಇದನ್ನೆಲ್ಲ ಕೇಳಿ, ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಗುವನ್ನೇ ಒರೆಸಿಕೊಂಡಳೆಂದು ಕಲಾವತಿಗೆ ಅನಿಸಿತು.

ಅಕ್ಕಯ್ಯಮ್ಮ ಒಳ್ಳೆಯ ಹೆಂಗಸು. ಗಂಡನಿಗೆ ಕಾಣದಂತೆ ಸಂಜೆ ಹೊತ್ತು ಮೇಲೆ ಸಾರು ಕಳಿಸುತ್ತಿದ್ದಳು. ಭಾಗವ್ವ ಮುಟ್ಟುತ್ತಿರಲಿಲ್ಲ. “ಅವರ ಸಾರು ಉಂಡ್ರ ನಾಲಿಗಿ ಮೆತ್ತಗಾಗ್ತೈತಿ. ನನಗ ನಿನ್ನ ರೊಟ್ಟೀನss ಸಾಕು,” ಎಂದು ಸೊಸೆಯ ಡಬ್ಬಿ ತೆರೆಯುತ್ತಿದ್ದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅತ್ತೆ ಇಷ್ಟು ಒಳ್ಳೆಯ ಮಾತು ಆಡಿದ್ದು ಕಲಾವತಿಗೆ ನೆನಪಿರಲಿಲ್ಲ. ಉಣ್ಣುತ್ತ ಭಾಗವ್ವ ಲೆಕ್ಕ ಹಾಕುತ್ತಿದ್ದಳು: ಗುಂಡು ಸಣ್ಣವಾದರೂ ಅಡ್ಡಿಯಿಲ್ಲ, ಆದರೆ ಹವಳ ಮಾತ್ರ ಮೊದಲಿನಂತೆ ಇರಬೇಕು, ಊರಿನ ಪತ್ತಾರನೇ ಮಾಡಬೇಕು, ಈ ಊರವರಿಗೆ ಬೋರಮಾಳ ತಿಳಿಯುವುದಿಲ್ಲ. ಕಲಾವತಿ ಹೂಂ ಎನ್ನುತ್ತಿದ್ದಳು.

“ವೈನಿ, ಅವ್ವಗ ಹೇಳಿಬಿಡ್ರಿ,” ಎಂದ, ಅಣ್ಣನ ಬಾಯಿಂದ ವಿಷಯ ತಿಳಿದಿದ್ದ ಶಿವಯೋಗಿ, ಒಂದು ದಿನ ಬಸ್‌ಸ್ಟಾಪಿನಲ್ಲಿ. “ಸಣ್ಣ ಹುಡುಗರಿಗೆ ಚಾಕ್ಲೇಟ್ ತೋರಿಸಿ ಕುಂದರಿಸಿದಂಗ ಆತು ಇದು. ನನಗ ಅಲ್ಲಿ ಮಕ್ಕೊಂಡ್ರ ನಿದ್ದಿ ಬರೂದಿಲ್ಲ.”

“ನೀ ಹೇಳು.”

“ನಾ ಹೇಳಿದ್ರ ಅಣ್ಣ ನನ್ನ ಚರ್ಮ ಸುಲೀತಾನ.”

“ನಾ ಹೇಳಿದ್ರ?”

ಶಿವಯೋಗಿ ಸೈಕಲ್ಲಿನ ಬೆಲ್ಲು ಒತ್ತಿ ಪೆಡಲ್ ತುಳಿದ.

ಆಷಾಢ ಅರ್ಧ ಕಳೆಯಿತು. ತಮ್ಮಣ್ಣ ಎರಡು ಸಲ ಬಂದು, “ಏನಾಯ್ತು ನಮ್ಮ ವಿಷಯ?” ಎಂದು ಬಾಗಿಲಲ್ಲೇ ಕೇಳಿ ಹೋದರು. ಎರಡನೇ ಸಲ ಅವರ ಜೊತೆ ಯಾರೋ ದಂಪತಿ ಇದ್ದರು, ರೂಮುಗಳನ್ನು ಕಣ್ಣಲ್ಲೇ ಅಳೆದರು. ಕಲಾವತಿಗೆ ಸಿಟ್ಟು, ಹೆದರಿಕೆ ಎರಡೂ ಒಟ್ಟಿಗೆ ಬಂದವು. ಮರುದಿನ ಅತ್ತೆಯ ಮುಂದೆ ಡಬ್ಬಿ ಇಟ್ಟು, ಮುಚ್ಚಳ ತೆಗೆಯದೆ ಹೇಳಿಬಿಟ್ಟಳು.

“ಅತ್ತೀ, ಈ ರೊಕ್ಕ ಬಂದ್ರ ಬೋರಮಾಳ ಆಗೂದಿಲ್ಲ. ಹೊಸ ಮನಿಗೆ ಹೋಗ್ತೈತಿ. ಇಲ್ಲಾಂದ್ರ ಆ ಮನಿ ನಮಗಿಲ್ಲ.”

ಭಾಗವ್ವ ಡಬ್ಬಿಯ ಕಡೆ ಚಾಚಿದ್ದ ಕೈ ಹಿಂದೆ ತಗೊಂಡಳು. “ಯಾರು ಹೇಳಿದ್ದು?”

“ನಿಮ್ಮ ಮಗ.”

“ನಿನಗ ಯಾವಾಗ ತಿಳೀತು?”

“ಹಾಲು ಉಕ್ಕಿಸಿದ ದಿನ.”

“ಅವತ್ತಿಂದ ದಿನಾ ಬಂದು ರೊಟ್ಟಿ ತಿನಿಸಿದಿ. ಹವಳದ ಮಾತು ಕೇಳಿ ಹೂಂ ಅಂದಿ.” ಭಾಗವ್ವನ ದನಿ ಏರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. “ಅವಾ ಮಗ, ಸುಳ್ಳು ಹೇಳ್ಯಾನ. ಹೇಳಲಿ. ನೀ ಹೆಣ್ಣಮಗಳು. ಡಬ್ಬಿ ತಗೊಂಡು ಹೋಗು.”

ಕಲಾವತಿ ಬಸ್ಸಿನಲ್ಲಿ ಅತ್ತಳು. ಅವಳು ಡಬ್ಬಿ ಒಯ್ಯುವುದನ್ನು ಬಿಡಲಿಲ್ಲ; ಭಾಗವ್ವ ತೆರೆಯಲಿಲ್ಲ. ಅಷ್ಟೇ ಅಲ್ಲ, ಹಟಕ್ಕೆ ಬಿದ್ದವಳಂತೆ ಕೆಳಗಿನ ಮನೆಯ ಅಡುಗೆಮನೆಯಲ್ಲಿ ಕೂತು ಅಕ್ಕಯ್ಯಮ್ಮ ಇಕ್ಕಿದ ರಾಗಿಮುದ್ದೆ ಉಣ್ಣತೊಡಗಿದಳು. ಮುದ್ದೆ ಕಂಡರೆ ಮೂಗು ಮುರಿಯುತ್ತಿದ್ದ ಹೆಂಗಸು ಅದನ್ನು ಅಗಿಯಬೇಕೋ ನುಂಗಬೇಕೋ ತಿಳಿಯದೆ ಒದ್ದಾಡುವುದನ್ನು ಕಲಾವತಿ ಬಾಗಿಲ ಬಳಿ ನಿಂತು ನೋಡಿದಳು. ಇಬ್ಬರು ಮುದುಕಿಯರೂ ಅವಳನ್ನು ಒಳಗೆ ಕರೆಯಲಿಲ್ಲ.

“ನುಂಗಿ ಭಾಗವ್ವೋರೆ, ಅಗೀಬೇಡಿ,” ಎನ್ನುತ್ತಿದ್ದಳು ಅಕ್ಕಯ್ಯಮ್ಮ. “ನಿಮ್ಮ ಚಿನ್ನ ಒಂದು ಸರ. ನಂದು ಕೇಳಿ. ಈ ಸೈಟು ನಮ್ಮಪ್ಪ ನನಗೆ ಅಂತ ಕೊಟ್ಟಿದ್ದು. ಖಾತೆ ಯಾರ ಹೆಸರಲ್ಲಿದೆ? ಇವರ ಹೆಸರಲ್ಲಿ. ನೀವು ಅಡ್ವಾನ್ಸ್ ಕೊಟ್ಟಾಗ ಇವರು ನಂಗೆ ಹೇಳಿದ್ರಾ? ಖರ್ಚು ಮಾಡಿದಾಗ ಹೇಳಿದ್ರಾ? ಈಗ ವಾಪಸ್ ಕೊಡೋಕೆ ಮಾತ್ರ, ‘ನಿನ್ನ ಚೀಟಿ ಎತ್ತು ಕಣೇ’ ಅಂತವ್ರೆ.”

“ಎತ್ತತೀಯೇನ?”

“ಎತ್ತಲೇಬೇಕಲ್ಲ. ಸೊಸೆ ಬಂದ್ಮೇಲೆ ಎಲ್ಲಿ ಮಲಗಿಸ್ಲಿ? ಮಗನ ಮದುವೆಗೆ ಮುಂಚೆ ನಿಮ್ಮ ಕಣ್ಣೀರು ಬೇರೆ ಯಾಕೆ ನಂಗೆ?”

“ನಾ ಎಲ್ಲಿ ಅಳಾಕತ್ತೀನಿ? ಮುದ್ದಿ ಗಂಟಲದಾಗ ಸಿಕ್ಕೈತಿ,” ಎಂದಳು ಭಾಗವ್ವ.

ಅಕ್ಕಯ್ಯಮ್ಮ ಚೀಟಿ ಎತ್ತಿದಳು, ನಷ್ಟಕ್ಕೇ. ಒಂದು ಭಾನುವಾರ ಚಿಕ್ಕಣ್ಣ ಎಲ್ಲರನ್ನೂ ಕರೆಸಿ, ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡು, ಉಳಿದದ್ದನ್ನು ವೀರೇಶನ ಕಡೆ ಚಾಚಿದ. ಭಾಗವ್ವ ನಡುವೆ ಕೈ ಹಾಕಿ ತಗೊಂಡಳು.

“ಕೊಟ್ಟಾಕಿ ನಾನು. ತಗೊಳ್ಳಾಕಿನೂ ನಾನು.”

ಬೀಗದಕೈಯನ್ನು ಚಿಕ್ಕಣ್ಣನಿಗೆ ಕೊಡದೆ ಅಕ್ಕಯ್ಯಮ್ಮನ ಕೈಗಿಟ್ಟಳು. ದುಡ್ಡನ್ನು ಸೊಂಟದ ಸಂಚಿಗೆ ಸೇರಿಸಿ ಆಟೋ ಹತ್ತಿದಳು. ವೀರೇಶ ದಾರಿಯುದ್ದಕ್ಕೂ ಕೇಳಿದ, “ಅವ್ವಾ, ಇವತ್ತss ತಮ್ಮಣ್ಣಗ ಕೊಡಬೇಕು, ಗೊತ್ತೈತಿಲ್ಲೋ? ಅವ್ವಾ, ಏನರ ಮಾತಾಡು.” ಅವಳು ಸಂಚಿಯ ಮೇಲೆ ಕೈ ಒತ್ತಿ ಹೊರಗೆ ನೋಡುತ್ತಿದ್ದಳು. ಊರಿಗೆ ಬಸ್ ಹತ್ತಿಬಿಡುತ್ತಾಳೋ, ಪತ್ತಾರನ ಹತ್ತಿರ ಹೋಗುತ್ತಾಳೋ ಎಂದು ಕಲಾವತಿಗೆ ಜೀವ ಕೈಯಲ್ಲಿತ್ತು. ಹೋದರೆ ತಡೆಯುವ ಮುಖವೂ ಅವಳಿಗಿರಲಿಲ್ಲ.

ಮಾಗಡಿ ರಸ್ತೆಯ ಟೈಪಿಂಗ್ ಅಂಗಡಿಯಲ್ಲಿ ತಮ್ಮಣ್ಣ ಆಗಲೇ ಛಾಪಾ ಕಾಗದ ತರಿಸಿಟ್ಟು ಕಾಯುತ್ತಿದ್ದರು. ಟೈಪಿಸ್ಟು ಜಗದಾಂಬಾ ಕಾಗದ ಸಿಕ್ಕಿಸಿ ಕನ್ನಡಕ ಸರಿಮಾಡಿಕೊಂಡಳು.

“ಬಾಡಿಗೆದಾರರ ಹೆಸರು?”

“ವೀರೇಶ, ತಂದೆ ಲೇಟ್...”

“ಭಾಗವ್ವ,” ಎಂದಳು ಭಾಗವ್ವ, ಬೆಂಚಿನ ಮೇಲೆ ಕೂರುತ್ತ. “ಗಂಡ ದೇವೇಂದ್ರಪ್ಪ.”

“ಅವ್ವಾ, ಏನಿದು?”

ತಮ್ಮಣ್ಣ ಸಮಾಧಾನದ ದನಿ ತೆಗೆದರು. “ಅಜ್ಜಿ, ಬಾಡಿಗೆ ಕೊಡೋರು ನಿಮ್ಮ ಮಗ. ಗಂಡಸರ ಹೆಸರೇ ಇರ್ಲಿ ಬಿಡಿ.”

“ಬಾಡಿಗಿ ಅವಂದು. ಅಡ್ವಾನ್ಸ್ ನಂದು. ನಾಳೆ ನಾವು ಮನಿ ಬಿಟ್ರ ರೊಕ್ಕ ಯಾರ ಕೈಯಾಗ ಕೊಡ್ತೀಯಪಾ? ಇದರಾಗ ಹೆಸರಿದ್ದವ್ರ ಕೈಯಾಗ. ಹೌದೋ ಅಲ್ಲೋ?” ತಮ್ಮಣ್ಣ ತಲೆಯಾಡಿಸಿದರು. “ಹಂಗಾದ್ರ ನನ್ನ ಹೆಸರು ಬರಿ. ಇಲ್ಲಾಂದ್ರ ನಾ ಇದನ್ನ ತಗೊಂಡು ಪತ್ತಾರನ ಕಡೆ ಹೊಂಟೆ.”

ವೀರೇಶನ ಮುಖ ಕೆಂಪಾಯಿತು. ಜಗದಾಂಬಾ ಟಕಟಕನೆ ಹೆಸರು ಒತ್ತಿದಳು. ಆ ಸದ್ದು ಕೇಳುತ್ತ ಕಲಾವತಿಗೆ ಮೊದಲು ಸಂತೋಷವಾಯಿತು, ಮನೆ ಉಳಿಯಿತು ಎಂದು. ಮರುಕ್ಷಣವೇ ತನ್ನ ಬೋಳು ಮುಂಗೈ ಕಣ್ಣಿಗೆ ಬಿತ್ತು. ಸೇಟು ಅಂಗಡಿಯ ಚೀಟಿ ಗಂಡನ ಹೆಸರಲ್ಲಿತ್ತು. ಈಗ ಅಡ್ವಾನ್ಸ್ ಅತ್ತೆಯ ಹೆಸರಿಗೆ. ಅವಳ ಪಾಟ್ಲಿ ಎಲ್ಲೂ ಇರಲಿಲ್ಲ. ಅವಳಿಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಯೋಚಿಸುವ ಮುಂಚೆಯೇ ಬಾಯಿ ಬಿಟ್ಟಿತು.

“ಅದರಾಗ ಅರ್ಧ ನನ್ನ ಪಾಟ್ಲಿ ಅದಾವ. ನನ್ನ ಹೆಸರೂ ಬರೀರಿ.”

ಟೈಪು ನಿಂತಿತು. “ನಿನಗೇನಾಗೈತಿ?” ಎಂದ ವೀರೇಶ. ಅವಳು ಅವನ ಕಡೆ ತಿರುಗಲಿಲ್ಲ, ಅತ್ತೆಯನ್ನೇ ನೋಡಿದಳು. ಭಾಗವ್ವನೂ ನೋಡಿದಳು, ರೊಟ್ಟಿಯ ಡಬ್ಬಿ ಹಿಂದಕ್ಕೆ ಕಳಿಸಿದ ದಿನ ನೋಡಿದಂತೆಯೇ. ಕಲಾವತಿಯ ಕಣ್ಣು ಕೆಳಗೆ ಹೋಗಲಿಲ್ಲ.

“ಮೊದ್ಲss ಹಿಂಗ ಬಾಯಿ ಬಿಟ್ಟಿದ್ರ ನಾ ಮುದ್ದಿ ನುಂಗೂದು ತಪ್ಪತಿತ್ತು,” ಎಂದಳು ಭಾಗವ್ವ. ಬೆಂಚಿನಲ್ಲಿ ಸ್ವಲ್ಪ ಸರಿದಳು. “ಬರಿಯವ್ವಾ, ಅಕಿದೂ ಬರಿ. ಕಲಾವತಿ.”

“ಜಾಗ ಇಲ್ಲಮ್ಮ, ಕಾಗದ ಕೆಡ್ತು. ಹೊಸ ಛಾಪಾ ಕಾಗದ ಬೇಕು,” ಎಂದಳು ಜಗದಾಂಬಾ. “ಅದರ ದುಡ್ಡು ಯಾರು ಕೊಡ್ತೀರ?”

ಎಲ್ಲರೂ ವೀರೇಶನ ಕಡೆ ನೋಡಿದರು. ಅವನು ಜೇಬಿಗೆ ಕೈ ಹಾಕಿ ದುಡ್ಡು ತೆಗೆದು ಮೇಜಿನ ಮೇಲಿಟ್ಟ. “ಮತ್ತ ನನ್ನ ಹೆಸರು ಎಲ್ಯರ ಇರ್ತೈತೋ ಇಲ್ಲೋ?”

ಜಗದಾಂಬಾ ಹೊಸ ಕಾಗದ ಸಿಕ್ಕಿಸಿ, ಎರಡೂ ಹೆಸರು ಒತ್ತಿ, ಉಳಿದದ್ದನ್ನು ಮುಗಿಸಿ ಹೊರಗೆಳೆದಳು. ಭಾಗವ್ವ ಸಂಚಿಯ ದುಡ್ಡನ್ನು ತಮ್ಮಣ್ಣನವರಿಗೆ ಎಣಿಸಿಕೊಟ್ಟು ಹೆಬ್ಬೆಟ್ಟು ಒತ್ತಿದಳು, ಕಲಾವತಿ ತನ್ನ ಹೆಸರನ್ನು ಪೂರ್ತಿ ಬರೆದಳು. ಆಮೇಲೆ ಭಾಗವ್ವ ಕಾಗದವನ್ನು ಮಗನ ಕಡೆ ತಳ್ಳಿ, ಮಸಿಯಾದ ಬೆರಳನ್ನು ಎಲ್ಲಕ್ಕಿಂತ ಕೆಳಗಿನ ಗೆರೆಯ ಮೇಲಿಟ್ಟು ತೋರಿಸಿದಳು. ವೀರೇಶ ಸಾಕ್ಷಿಯ ಜಾಗದಲ್ಲಿ ಸಹಿ ಮಾಡಿದ.